ಹನುಮಕ್ಕನ ಆಶೀರ್ವಾದ

ಬಸವೇಶ್ವರನಗರದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಸಂಪಿನಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಲತಾ ಮುಚ್ಚಳ ತೆಗೆಯದೆಯೇ ಹೇಳಬಲ್ಲವಳಾಗಿದ್ದಳು. ಅಂಥ ನೀರನ್ನು ಮಗ ಭೈರೇಶ ಸೋಮವಾರ ಬೆಳಿಗ್ಗೆ ಎದ್ದವನೇ ಪೈಪು ಹಿಡಿದು ಜೀಪಿನ ಚಕ್ರಕ್ಕೆ ಬಿಡುತ್ತಿರುವುದನ್ನು ಕಂಡು ಅವಳಿಗೆ ಪಿತ್ತ ನೆತ್ತಿಗೇರಿತು.

"ಲೋ, ನಾಳೆವರೆಗೂ ನೀರಿಲ್ಲ ಕಣೋ! ನಿಲ್ಸೋ ಅದನ್ನ!"

"ಎರಡೇ ನಿಮಿಷ ಅಮ್ಮ. ಕೆಸರು ಹಂಗೇ ಬಿಟ್ರೆ ತುಕ್ಕು ಹಿಡಿಯುತ್ತೆ."

"ತುಕ್ಕು ಹಿಡಿದಿರೋದು ನಿನ್ನ ತಲೆಗೆ."

ಮಹಡಿಯ ಮೇಲೆ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಗುರವ್ವ ಬಗ್ಗಿ ನೋಡಿ ತನ್ನದೂ ಒಂದು ಮಾತು ಸೇರಿಸಿದಳು. "ಏನ್ರೀ ಅಕ್ಕಾರ, ನೀರೆಲ್ಲಾ ಗಾಡಿಗೇ ಹೊಯ್ದ್ರ ನಾವು ಅನ್ನಕ್ಕ ಏನು ಇಡೂಣ್ರೀ?"

ಆ ಜೀಪು ಮಿಲಿಟರಿಯವರು ಹರಾಜಿಗೆ ಹಾಕಿದ ಹಳೇ ಗಾಡಿ. ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಆರು ತಿಂಗಳು ಬಿದ್ದುಕೊಂಡಿದ್ದು, ದೊಡ್ಡ ಚಕ್ರ ಹಾಕಿಸಿಕೊಂಡು, ಹಸಿರು ಬಣ್ಣ ಬಳಿಸಿಕೊಂಡು ಮನೆಗೆ ಬಂದಿತ್ತು. ಅಪ್ಪ ಚನ್ನಕೇಶವ ಬೇಡವೇ ಬೇಡ ಅಂದಿದ್ದ. ಮನೆಯ ಮುಂಭಾಗದಲ್ಲೇ ಇದ್ದ ನಲ್ಲಿ, ಪೈಪಿನ ಅಂಗಡಿಗೆ ಬೇಕಾಗಿದ್ದುದು ಒಂದು ಲಗೇಜ್ ಆಟೊ. ಅಜ್ಜಿ ಹನುಮಕ್ಕ ನಡುವೆ ಬಾಯಿ ಹಾಕಿ, "ಇರೋನೊಬ್ಬ ಮೊಮ್ಮಗ, ಆಸೆಪಟ್ಟಿದೆ ಮಗು," ಅಂದದ್ದಕ್ಕೆ ಜೀಪು ಬಂತು. ಆ ಋಣಕ್ಕೆ ಭೈರೇಶ ಮುಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ 'ಹನುಮಕ್ಕನ ಆಶೀರ್ವಾದ' ಎಂದು ಬರೆಸಿದ. ಬೇರೆಯವರು ದೇವರ ಹೆಸರು ಬರೆಸುತ್ತಾರೆ, ತಾಯಿಯ ಹೆಸರು ಬರೆಸುತ್ತಾರೆ. ಅಜ್ಜಿಯ ಹೆಸರು ಆ ಬಡಾವಣೆಯಲ್ಲಿ ಇದೊಂದೇ. ಹನುಮಕ್ಕ ಬಂದವರಿಗೆಲ್ಲ ಅದನ್ನು ಓದಿಸಿ ಬೀಗುತ್ತಿದ್ದಳು.

ಪ್ರತಿ ಭಾನುವಾರ ವಿಜಯನಗರದ ಗೆಳೆಯ ಅರುಣನ ಗ್ಯಾಂಗು ಭೈರೇಶನನ್ನೂ ಸೇರಿಸಿಕೊಂಡು ಐದು ಜೀಪುಗಳಲ್ಲಿ ಊರಾಚೆಗೆ ಹೋಗುತ್ತಿತ್ತು. ರಸ್ತೆಯ ಮೇಲೆ ಓಡಿಸುವುದಕ್ಕೆ ಆಟೊದವರಿದ್ದಾರೆ, ಜೀಪು ಅಂದರೆ ರಸ್ತೆ ಇಲ್ಲದ ಕಡೆ ನುಗ್ಗಬೇಕು ಅನ್ನುವುದು ಅವರ ಸಿದ್ಧಾಂತ. ರಸ್ತೆ ಇಲ್ಲದ ಕಡೆ ಯಾರದೋ ಜಮೀನು ಇರುತ್ತದೆ ಅನ್ನುವುದು ಆ ಸಿದ್ಧಾಂತದೊಳಗೆ ಬಂದಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಹನುಮಕ್ಕ ಚಕ್ರದಿಂದ ಕಳಚಿ ಬಿದ್ದ ಕೆಸರಿನ ಹೆಂಟೆಯನ್ನು ಕಾಲಲ್ಲಿ ತಳ್ಳಲು ಹೋದವಳು ಕಾಲು ತಡೆದಳು. ಬಗ್ಗಿ, ಅದರೊಳಗಿಂದ ಗೇಣುದ್ದದ ಎರಡು ಎಳೆ ಗರಿಗಳನ್ನು ಬೇರು ಸಮೇತ ಎಳೆದಳು.

"ಇದೆಲ್ಲಿಂದ ಬಂತೋ?"

"ಹುಲ್ಲು ಅಜ್ಜಿ. ಎಸಿ ಆಕಡೆ."

"ಹುಲ್ಲಾ? ಹುಟ್ಟಿದಾಗಿಂದ ರಾಗಿ ತಿಂದು ಬೆಳೆದ ಮೈ ಇದು, ರಾಗಿ ಪೈರು ನಿನಗೆ ಹುಲ್ಲಾಗಿ ಕಾಣುತ್ತಾ? ಯಾರ ಹೊಲಕ್ಕೆ ನುಗ್ಗಿಸ್ದೆ? ನಿಜ ಹೇಳು."

"ಅಯ್ಯೋ, ಬೇರೆಯವರದ್ದಲ್ಲ. ನಮ್ಮ ಹೊಲಕ್ಕೇ ಹೋಗಿದ್ದು. ಮುತ್ತುಗದೊಡ್ಡಿ, ಕೆರೆ ಹಿಂದಿನ ಎರಡೆಕರೆ. ಬೇರೆ ಕಡೆ ಹೋದ್ರೆ ಜನ ಗಲಾಟೆ ಮಾಡ್ತಾರೆ, ನಮ್ಮದೇ ಆದ್ರೆ ಯಾರು ಕೇಳ್ತಾರೆ ಅಂತ ನಾನೇ ಎಲ್ಲರನ್ನೂ ಕರ್ಕೊಂಡು ಹೋದೆ."

ಲತಾ ಓಡಿಹೋಗಿ ನಲ್ಲಿ ನಿಲ್ಲಿಸಿದಳು. ನೀರಿನ ಮೇಲಿನ ಆಸೆಗಲ್ಲ, ಮಗ ಹೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ.

ಆ ಹೊಲ ಈ ಮನೆಯವರದ್ದಾಗಿ ಉಳಿದಿರಲಿಲ್ಲ. ನಲವತ್ತು ವರ್ಷದ ಹಿಂದೆ ಹನುಮಕ್ಕನ ಮಾವ ಅದನ್ನು ತನ್ನ ಮಗಳು ಪಾಪಮ್ಮನಿಗೆ ಮದುವೆಯಲ್ಲಿ ಅರಿಸಿನ ಕುಂಕುಮಕ್ಕೆ ಅಂತ ಬರೆದುಕೊಟ್ಟಿದ್ದ. ಪಾಪಮ್ಮ ಅದೇ ಊರಿನ ಮರಿಯಪ್ಪನನ್ನು ಮದುವೆಯಾಗಿ ಅಲ್ಲೇ ಉಳಿದಳು. ಹನುಮಕ್ಕನ ಗಂಡ ಮಿಕ್ಕ ಜಮೀನನ್ನೆಲ್ಲ ಮಾರಿ ಬೆಂಗಳೂರಿಗೆ ಬಂದ. ಹೊಲ ಕೈಬಿಟ್ಟರೂ ಹನುಮಕ್ಕನ ಬಾಯಿ ಬಿಡಲಿಲ್ಲ. ಸಾರಿಗೆ ಹುಳಿ ಸಾಲದಿದ್ದರೆ "ನಮ್ಮ ಹೊಲದ ಹುಣಸೆ ಆಗಿದ್ರೆ" ಅನ್ನುವಳು. ಮುದ್ದೆ ಸಪ್ಪೆಯಾದರೆ "ನಮ್ಮ ಹೊಲದ ರಾಗೀನ ನೀವು ಕಂಡಿದ್ರೆ ತಾನೆ" ಅನ್ನುವಳು. ಒಮ್ಮೆ ಬಸ್ಸಿನ ಕಿಟಕಿಯಿಂದ ಕೈ ತೋರಿಸಿ, "ಅಗೋ ನೋಡು ಮಗ, ನಮ್ಮ ಹೊಲ," ಅಂದಿದ್ದಳು. ಹುಡುಗ ನೋಡಿದ, ನಂಬಿದ. ಅವನ ಅಪ್ಪ ಅಮ್ಮ ತಿದ್ದಲಿಲ್ಲ. ಮುದುಕಿಯ ಜೊತೆ ಬೆಳಿಗ್ಗೆ ಬೆಳಿಗ್ಗೆ ಯಾರು ಜಗಳ ಆಡುತ್ತಾರೆ?

ಮಂಗಳವಾರ ಮರಿಯಪ್ಪ ಬಂದ. ಹೆಂಡತಿಯ ತವರುಮನೆ ಅನ್ನುವ ಸಲಿಗೆ ತೋರದೆ ಅಂಗಡಿಯ ಹೊರಗೇ ನಿಂತ.

"ಒಳಗೆ ಬಾ ಮಾವ," ಅಂದ ಚನ್ನಕೇಶವ.

"ಬೇಡ ಕೇಶವ. ಇಲ್ಲೇ ಹೇಳಿ ಹೋಗ್ತೀನಿ. ಭಾನುವಾರ ಊರವರೆಲ್ಲ ಒಂದು ತಿಥಿಗೆ ಹೋಗಿದ್ವಿ. ಬಂದು ನೋಡಿದ್ರೆ ಹೊಲ ಹೊಲವಾಗಿಲ್ಲ. ದನ ಕಾಯೋನು ಕಣ್ಣಾರೆ ಕಂಡಿದಾನೆ. ಐದು ಜೀಪು. ಮುಂದಿನದರ ಮೇಲೆ ಏನು ಬರೆದಿತ್ತು ಅಂತ ಓದ್ಕೊಂಡು ಬಂದಿದಾನೆ." ಅವನ ಕಣ್ಣು ಗೇಟಿನೊಳಗೆ ನಿಂತ ಜೀಪಿನ ಮೇಲೆ ಹೋಯಿತು. "ಪಾಪಮ್ಮ ಅಂತಾಳೆ, ಅತ್ತಿಗೆ ನಲವತ್ತು ವರ್ಷ ಕಾದು ಈಗ ಸೇಡು ತೀರಿಸ್ಕೊಂಡ್ಲು ಅಂತ. ಹೆಸರು ಬರೆಸಿ ಕಳಿಸಿದಾಳೆ, ಗೊತ್ತಾಗ್ಲಿ ಅಂತಾನೇ."

ಚನ್ನಕೇಶವ ಅಂಗಡಿಯಿಂದ ಕೆಳಗಿಳಿದು ಬಂದ. "ಮಾವ, ಹುಡುಗನಿಗೆ ಗೊತ್ತಿಲ್ದೆ..."

"ಇರಬಹುದು. ಊರವರು ಜಮೀನಿಗೆ ನುಗ್ಗಿದಾರೆ ಅಂತ ಸ್ಟೇಷನ್ನಿಗೆ ಹೋಗೋಣ ಅಂತಾರೆ. ನಾನೇ ಭಾನುವಾರದವರೆಗೆ ತಡೀರಿ ಅಂದಿದೀನಿ. ಬರೋದಾದ್ರೆ ಬನ್ನಿ."

ಕಾಫಿ ಕುಡಿಯದೆ ಮರಿಯಪ್ಪ ಹೊರಟುಹೋದ. ಒಳಗಿನ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹನುಮಕ್ಕ ಹೊರಗೆ ಬಂದಳು.

"ನಾನಾ? ಪೈರಿನ ಮೇಲೆ ಗಾಡಿ ಹತ್ತಿಸೋಳಾ ನಾನು?" ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳಿಗೆ ಆ ಹೊಲದ ಮೇಲೆ ಸಿಟ್ಟಿತ್ತು, ಪಾಪಮ್ಮನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಆದರೆ ಬೆಳೆ ತುಳಿದವಳು ಅನ್ನಿಸಿಕೊಳ್ಳುವುದು ಅವಳಿಗೆ ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಕೀಳಾಗಿ ಕಂಡಿತು.

ರಾತ್ರಿ ಊಟಕ್ಕೆ ಕೂತಾಗ ಯಾರೂ ಸಾರು ಸಪ್ಪೆ ಅಂತ ಕೂಡ ಅನ್ನಲಿಲ್ಲ. ಚನ್ನಕೇಶವ ಎಡಗೈ ಚಾಚಿದ. "ಕೀ ಕೊಡು."

ಭೈರೇಶ ಜೇಬಿನಿಂದ ಜೀಪಿನ ಕೀ ತೆಗೆದು ಕೊಟ್ಟ.

"ನಷ್ಟ ಎಷ್ಟಾಗಿದೆಯೋ ಕೊಟ್ಟು ಕೈಮುಗಿದು ಬಂದರಾಯ್ತು," ಅಂದ ಚನ್ನಕೇಶವ.

"ಅತ್ತೇನೂ ಬಂದ್ರೆ ಒಳ್ಳೇದು," ಅಂದಳು ಲತಾ. "ಅವರ ಮನಸ್ಸಿನಲ್ಲಿರೋದು ಅತ್ತೆ ಮೇಲಿನ ಅನುಮಾನ."

"ಮಾಡದ ತಪ್ಪಿಗೆ ನಾನ್ಯಾಕೆ ಹೋಗಿ ನಿಲ್ಲಲಿ? ಆ ಹೊಲ ತುಳಿಯಲ್ಲ ಅಂತ ಅದನ್ನ ಬರೆದುಕೊಟ್ಟ ದಿನಾನೇ ಅಂದಿದೀನಿ," ಅಂದು ಹನುಮಕ್ಕ ತಟ್ಟೆ ಎತ್ತಿಕೊಂಡು ಎದ್ದಳು.

ಭಾನುವಾರ ಮಿಕ್ಕ ಮೂವರೂ ಕೆಂಗೇರಿಯಿಂದ ಬಸ್ಸು ಹಿಡಿದು ಹೋದರು. ಊರ ಬಾಗಿಲಲ್ಲಿ ಇಳಿದು, ಕೆರೆಯ ಹಿಂದಕ್ಕೆ ನಡೆದು ಹೊಲದ ಮುಂದೆ ನಿಂತಾಗ ಭೈರೇಶನಿಗೆ ತಾನು ಮಾಡಿದ್ದು ಮೊದಲ ಸಲ ಕಾಣಿಸಿತು. ಅವತ್ತು ಜೀಪಿನ ಒಳಗಿಂದ ಇದು ಬರೀ ಹಸಿರು, ಬರೀ ಇಳಿಜಾರು. ಈಗ ಸಾಲು ಸಾಲಾಗಿ ಎದ್ದ ಎಳೆ ಪೈರಿನ ನಡುವೆ ಚಕ್ರದ ಜಾಡು ಸುತ್ತು ಹಾಕಿತ್ತು. ಕೆಳಗಿನ ಬದುವನ್ನು ಏರಿ ಹಾರುವ ಆಟದಲ್ಲಿ ಅದು ಎರಡು ಕಡೆ ಬಾಯಿ ಬಿಟ್ಟಿತ್ತು.

ಪಾಪಮ್ಮ ಅರವತ್ತು ವರ್ಷದ ಗಟ್ಟಿ ಹೆಂಗಸು. ಕುಡಿಯಲು ನೀರು ಕೊಟ್ಟಳು. ಅದರಾಚೆಗೆ ಉಪಚಾರವಿಲ್ಲ.

"ಅತ್ತೆ, ತಪ್ಪಾಗಿದೆ," ಅಂದ ಚನ್ನಕೇಶವ. "ಏನು ನಷ್ಟ ಆಗಿದೆಯೋ ನೀನೇ ಹೇಳು, ಇವತ್ತೇ ಕೊಟ್ಟುಬಿಡ್ತೀನಿ."

"ನೋಟು ಕುಚ್ಚಿ ಮುದ್ದೆ ಕಟ್ಲಾ?" ಅಂದಳು ಪಾಪಮ್ಮ. "ವರ್ಷದ ಊಟ ಕೇಶವ ಇದು. ನನಗೆ ಕಣಕ್ಕೆ ರಾಗಿ ಬರಬೇಕು, ಅಷ್ಟೆ. ದೊಡ್ಡ ಮಳೆ ಶುರುವಾಗೋದ್ರೊಳಗೆ ಬದು ನಿಲ್ಲದಿದ್ರೆ ಉಳಿದಿರೋ ಪೈರೂ ಮಣ್ಣಿನ ಜೊತೆ ಕೆರೆ ಸೇರುತ್ತೆ. ಅದಕ್ಕೆ ಏನು ಮಾಡ್ತೀಯ ಹೇಳು."

ಭೈರೇಶ ಹಿಂದಿನಿಂದ ಅಂದ, "ನಾನು ಕಟ್ಟಿಕೊಡ್ತೀನಿ ಅಜ್ಜಿ."

"ನೀನು?" ಪಾಪಮ್ಮ ಅವನ ಕೈ ನೋಡಿದಳು, ಬೂಟು ನೋಡಿದಳು. "ಆಗಲಿ. ಕೆಡಿಸಿದ ಕೈಯೇ ಕಟ್ಟಲಿ. ಆದ್ರೆ ಗಾಡಿ ಈ ಕಡೆ ತಲೆ ಹಾಕಬಾರದು. ನಿಮ್ಮಜ್ಜಿ ಆಶೀರ್ವಾದ ನನಗೆ ಸಾಕಾಗಿದೆ."

"ಅಜ್ಜಿ ಕಳಿಸಿಲ್ಲ, ದೇವರಾಣೆ. ನಾನು ಅದು ನಮ್ಮ ಹೊಲ ಅಂತಲೇ ತಿಳ್ಕೊಂಡಿದ್ದೆ."

"ಅದೇ ಹೇಳೋದು ನಾನೂ," ಅಂದಳು ಪಾಪಮ್ಮ. "ಹಂಗಂತ ನಿನಗೆ ಹೇಳಿಕೊಟ್ಟೋರು ಯಾರು?"

ಲತಾ ಗಂಡನ ಮುಖ ನೋಡಿದಳು.

ಮುಂದಿನ ಭಾನುವಾರ ಭೈರೇಶ ಒಬ್ಬನೇ ಹೋದ. ಮರಿಯಪ್ಪ ಗುದ್ದಲಿ ಕೊಟ್ಟು, ಎಲ್ಲಿಂದ ಮಣ್ಣು ತೆಗೆಯಬೇಕು ಅಂತ ತೋರಿಸಿ ದನದ ಕಡೆ ಹೋದ. ಹುಡುಗ ಬೆಳಗಿಂದ ಸಂಜೆವರೆಗೆ ಮಣ್ಣು ಹೊತ್ತು ಸುರಿದ. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ಹುಣಸೆ ಮರದ ಕೆಳಗೆ ಒಬ್ಬನೇ ತಿಂದ. ಮನೆಗೆ ಬಂದು ಬಿಸಿನೀರಿನಲ್ಲಿ ಕೈ ಇಟ್ಟಾಗ ಬೊಬ್ಬೆಗಳು ಉರಿದು ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಸಂಜೆ ಒಂದು ಸಣ್ಣ ಮಳೆ ಬಿತ್ತು. ಅವನು ಕಟ್ಟಿದ ಬದು ಅರ್ಧ ಕುಸಿಯಿತು ಎಂದು ಮರಿಯಪ್ಪ ಊರಿನ ಅಂಗಡಿಯಿಂದ ಫೋನು ಮಾಡಿ ಹೇಳಿದ.

"ಸಾಕು ಬಿಡು ನಿನ್ನ ಕೈಲಿ ಆಗಲ್ಲ," ಅಂದ ಚನ್ನಕೇಶವ. "ನಾನು ಆಳು ಕಳಿಸ್ತೀನಿ." ಬೈಪಾಸಿನ ಪಕ್ಕ ಕೆಲಸಕ್ಕೆ ಕಾಯುತ್ತಾ ನಿಲ್ಲುವವರಲ್ಲಿ ಇಬ್ಬರನ್ನು ಹಿಡಿದು, ಬಸ್ಸಿನ ದುಡ್ಡು ಕೊಟ್ಟು ಕಳಿಸಿಯೂ ಬಿಟ್ಟ. ಇಬ್ಬರೂ ಮಧ್ಯಾಹ್ನಕ್ಕೆ ವಾಪಸ್ ಬಂದರು.

"ಯಜಮಾನ್ರೇ, ಆಯಮ್ಮ ಹೊಲಕ್ಕೆ ಇಳಿಸ್ಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದ್ರು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು, ನಿಮ್ಮ ಯಜಮಾನನಿಗೆ ಹೇಳಿ ಅಂದ್ರು."

ಮಜ್ಜಿಗೆಯ ವಿಷಯ ಕೇಳಿ ಭೈರೇಶನಿಗೆ ಹೊಟ್ಟೆ ಉರಿಯಿತು. ತನಗೆ ಅಷ್ಟೂ ಸಿಕ್ಕಿರಲಿಲ್ಲ.

ಹನುಮಕ್ಕ ಆ ಸಂಜೆ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ಅವನ ಅಂಗೈಗೆ ಹರಳೆಣ್ಣೆ ಹಚ್ಚಿದಳು. ಹಚ್ಚುತ್ತಾ ಕೇಳಿದಳು, "ಹೆಂಗೆ ಹಾಕ್ದೆ ಬದೂನ?"

"ಮಣ್ಣು ಸುರಿದು ಗುದ್ದಲಿಯಿಂದ ತಟ್ಟಿದೆ."

"ಬರೀ ಮಣ್ಣಾ? ಅದು ಬದುವಲ್ಲ ಮಗ, ತಿಪ್ಪೆ. ಮೊದಲು ಪಾಯಕ್ಕೆ ಕಲ್ಲು ಇಡಬೇಕು. ಕಲ್ಲಿನ ಮುಖ ಮೇಲಿನ ಹೊಲದ ಕಡೆ ವಾಲಿರಬೇಕು, ನೀರು ಬಂದು ಒರಗಿಕೊಳ್ಳುತ್ತೆ. ಒಂದು ಪದರ ಮಣ್ಣು, ಕಾಲಿಂದ ತುಳಿ. ಇನ್ನೊಂದು ಪದರ, ಮತ್ತೆ ತುಳಿ. ಎಲ್ಲ ಆದಮೇಲೆ ಲಕ್ಕಿ ಗಿಡದ ಕಡ್ಡಿ ನೆಡು. ಬೇರು ಬಿಟ್ಟರೆ ಮಣ್ಣು ಅಲ್ಲಾಡಲ್ಲ."

"ನಿನಗೆ ಇದೆಲ್ಲ ಹೆಂಗೆ ಗೊತ್ತು?"

"ಆ ಬದು ಹಾಕಿದೋಳೇ ನಾನು. ನಿಮ್ಮಪ್ಪ ಆಗಿನ್ನೂ ಹುಟ್ಟಿರಲಿಲ್ಲ. ನಿಮ್ಮ ಮುತ್ತಾತ ಅದನ್ನ ಮಗಳಿಗೆ ಕೊಡುವಾಗ, ಸೊಸೆ ಗೇದಿದಾಳೆ, ಒಂದು ಮಾತು ಕೇಳೋಣ ಅಂತ ಅನ್ನಲಿಲ್ಲ. ಕೊಡಬೇಡ ಅಂತಿರಲಿಲ್ಲ ಕಣೋ ನಾನು. ಕೇಳಬೇಕಿತ್ತು."

ಒಳಗೆ ಅಕ್ಕಿ ಆರಿಸುತ್ತಿದ್ದ ಲತಾಗೆ ಅತ್ತೆಯ ನಲವತ್ತು ವರ್ಷದ ಸಿಡುಕು ಮೊದಲ ಬಾರಿಗೆ ಅರ್ಥವಾಯಿತು. ಅವಳಿಗೆ ಅಯ್ಯೋ ಅನ್ನಿಸಿತು. ಈ ಮನೆಯಲ್ಲಿ ತನ್ನನ್ನೂ ಯಾರೂ ಏನೂ ಕೇಳಿದ್ದಿಲ್ಲ ಅನ್ನುವುದೂ ಜೊತೆಗೇ ನೆನಪಾಯಿತು.

ಶನಿವಾರ ಸಂಜೆ ಅರುಣ ಬೈಕಿನಲ್ಲಿ ಬಂದು ಗೇಟಿನ ಹತ್ತಿರ ಹಾರ್ನ್ ಹೊಡೆದ.

"ಏನ್ ಮಗಾ, ಫೋನೇ ಎತ್ತಲ್ಲ? ನಾಳೆ ನಿಮ್ಮ ಸ್ಪಾಟಿಗೇ ಹೋಗೋಣ ಗುರು. ಮಳೆ ಬಿದ್ದಿದೆ, ಕೆಸರು ಸಖತ್ತಾಗಿರುತ್ತೆ. ಈ ಸಲ ಇನ್ನೂ ಮೂರು ಗಾಡಿ ಬರ್ತಾವೆ."

"ಅದು ನಮ್ಮದಲ್ಲ ಕಣೋ. ನಮ್ಮ ಚಿಕ್ಕಜ್ಜಿದು. ರಾಗಿ ಹಾಕಿದಾರೆ."

"ಒಂದೊಂದು ಸಾವಿರ ಹಾಕಿ ಬಿಸಾಕೋಣ ಮಚ್ಚಾ. ಹಳ್ಳಿಯವರು ಖುಷಿಯಾಗ್ತಾರೆ."

"ತಗೊಳಲ್ಲ ಅವರು."

"ಹಾಗಾದ್ರೆ ಪಕ್ಕದ ಹೊಲ. ಅಲ್ಲೂ ನಿಮ್ಮಜ್ಜಿ ಇದಾರಾ?" ಅಂದು ಅರುಣ ನಕ್ಕ.

ಭೈರೇಶನಿಗೆ ನಗು ಬರಲಿಲ್ಲ. "ಪಕ್ಕದ್ದು ಇನ್ಯಾರದೋ ಅಜ್ಜಿದು. ನಾಳೆ ನಾನು ಅಲ್ಲೇ ಇರ್ತೀನಿ ಅರುಣ. ನಿಮ್ಮ ಗಾಡಿ ಬಂದ್ರೆ ನಂಬರು ಬರ್ಕೊಂಡು ನಾನೇ ಸ್ಟೇಷನ್ನಿಗೆ ಕೊಡ್ತೀನಿ. ನನ್ನ ಹೆಸರೂ ಸೇರಿಸಿ."

"ಲೇ, ನೀನೇ ತಾನೆ ಜಾಗ ತೋರಿಸಿದ್ದು?"

"ಅದಕ್ಕೇ."

ಅರುಣ ಅವನನ್ನೇ ಒಂದು ಗಳಿಗೆ ನೋಡಿ, "ರೈತ ಆಗೋದೆ ಬಿಡು," ಅಂದು ಗಾಡಿ ತಿರುಗಿಸಿದ. ಅಂಗಡಿಯ ಕಟ್ಟೆಯ ಮೇಲೆ ಕೂತು ಪೈಪು ಕತ್ತರಿಸುತ್ತಿದ್ದ ಚನ್ನಕೇಶವ ಎಲ್ಲ ಕೇಳಿಸಿಕೊಂಡ. ಬೆಳಿಗ್ಗೆ ಭೈರೇಶ ಬಸ್ಸಿಗೆ ಹೊರಟಾಗ ಅಪ್ಪ ಹಳೇ ಪ್ಯಾಂಟು ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಹಿಂದೆ ಲತಾ, ಕೈಯಲ್ಲಿ ಊಟದ ಬುತ್ತಿ.

"ಅಂಗಡಿ?" ಅಂದ ಭೈರೇಶ.

"ಒಂದು ದಿನ ಜನರ ನಲ್ಲಿ ಸೋರಿದ್ರೆ ಸೋರಲಿ," ಅಂದ ಚನ್ನಕೇಶವ.

ಆ ಭಾನುವಾರ ಮುತ್ತುಗದೊಡ್ಡಿಯವರಿಗೆ ಒಳ್ಳೇ ಮೋಜು ಸಿಕ್ಕಿತು. ಬೆಂಗಳೂರಿನ ಅಂಗಡಿ ಸಾಹುಕಾರ ಬನಿಯನ್ನಿನಲ್ಲಿ ಕಲ್ಲು ಹೊರುವುದನ್ನು ನೋಡಲು ಒಂದಿಬ್ಬರು ಕೆಲಸ ಬಿಟ್ಟು ನಿಂತರು. ಚನ್ನಕೇಶವ ಹತ್ತು ಕಲ್ಲಿಗೊಮ್ಮೆ ಸೊಂಟ ಹಿಡಿದುಕೊಳ್ಳುತ್ತಿದ್ದ. ಭೈರೇಶ ಅಜ್ಜಿ ಹೇಳಿದ ಹಾಗೇ ಒಂದೊಂದೇ ಕಲ್ಲನ್ನು ವಾಲಿಸಿ ಇಟ್ಟು, ಮಣ್ಣು ಹಾಕಿ ತುಳಿಯುತ್ತಿದ್ದ. ಪಾಪಮ್ಮ ದೂರದಲ್ಲಿ ಕಳೆ ಕೀಳುತ್ತಿದ್ದವಳು ನಿಧಾನಕ್ಕೆ ಹತ್ತಿರ ಬಂದಳು.

"ಕಲ್ಲು ಹಂಗೆ ಇಡಬೇಕು ಅಂತ ಯಾರು ಹೇಳಿದ್ರು?"

"ಅಜ್ಜಿ."

"ಮೇಲೆ ಲಕ್ಕಿ ಕಡ್ಡಿ ನೆಡು ಅಂದ್ಲಾ?"

ಭೈರೇಶ ತುಳಿಯುವುದನ್ನು ನಿಲ್ಲಿಸಿದ. "ಹೌದು. ನಿಮಗೆ ಹೆಂಗೆ ಗೊತ್ತು?"

"ಅವತ್ತು ಆ ಕಡ್ಡಿ ಹೊತ್ತು ತಂದು ಕೊಡ್ತಿದ್ದೋಳು ನಾನೇ. ಏಳೆಂಟು ವರ್ಷದೋಳು. ಅತ್ತಿಗೆ ಒಂದು ಕಡ್ಡಿ ನೆಟ್ಟು, ನನಗೊಂದು ಬೆಲ್ಲದ ಚೂರು ಕೊಡೋಳು." ಪಾಪಮ್ಮ ಆ ಹೊಸ ಬದುವನ್ನು ಕಾಲಿನಿಂದ ಒತ್ತಿ ನೋಡಿದಳು. ಅದು ಅಲುಗಲಿಲ್ಲ. "ಕೆಡಿಸೋಕೆ ಕಳಿಸಿದೋಳು ಕಟ್ಟೋದು ಹೆಂಗೆ ಅಂತ ಹೇಳಿ ಕಳಿಸ್ತಾಳಾ?" ಅಂದಳು. ಯಾರನ್ನು ಕೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಲತಾ ಬುತ್ತಿ ಬಿಚ್ಚುವಾಗ ಪಾಪಮ್ಮ ಅದನ್ನು ಮುಚ್ಚಿಸಿದಳು. "ಮನೇಲಿ ಮುದ್ದೆ ಆಗಿದೆ. ಉಪ್ಪುಸಾರು. ಏಳಿ."

ಊಟ ಮುಗಿಯುವ ಹೊತ್ತಿಗೆ ಸೋನೆ ಶುರುವಾಯಿತು. ಪೈರು ನೆಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒತ್ತಾಗಿ ಬೆಳೆದ ಕಡೆಯಿಂದ ಎಳೆ ಪೈರು ಕಿತ್ತು, ಚಕ್ರದ ಜಾಡಿನಲ್ಲಿ ಮಣ್ಣು ಸಡಿಲಿಸಿ ಎಲ್ಲರೂ ಬಗ್ಗಿ ನೆಟ್ಟರು. ಲತಾಗೆ ಅದು ಬೇಗ ಕೈಗೆ ಹತ್ತಿತು.

"ನಿನ್ನ ತವರು ಯಾವ ಕಡೆ?" ಅಂತ ಪಾಪಮ್ಮ ಕೇಳಿದಳು.

"ಬಿನ್ನಿಪೇಟೆ, ಚಿಕ್ಕತ್ತೆ. ನಮ್ಮಪ್ಪ ಮಿಲ್ಲಿನಲ್ಲಿದ್ರು. ಹೊಲ ಅಂದ್ರೆ ಇದೇ ಮೊದಲು."

"ಪರವಾಗಿಲ್ಲ, ಮಗನಿಗಿಂತ ನೀನೇ ವಾಸಿ."

ಸಂಜೆ ಮನೆಗೆ ಬಂದಾಗ ಹನುಮಕ್ಕ ಬಾಗಿಲಲ್ಲೇ ಕೂತಿದ್ದಳು. ಬದು ಹೇಗೆ ಕಟ್ಟಿದಿರಿ ಅಂತ ಕೇಳಿದಳು, ಎಷ್ಟು ಪೈರು ನೆಟ್ಟಿರಿ ಅಂತ ಕೇಳಿದಳು. ಪಾಪಮ್ಮನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಭೈರೇಶನೇ ಬೆಲ್ಲದ ಚೂರಿನ, ಮುದ್ದೆ ಉಪ್ಪುಸಾರಿನ ಸಂಗತಿ ಹೇಳಿದ. ಮುದುಕಿ ಸೆರಗಿನ ತುದಿ ಸುತ್ತುತ್ತಾ, "ಉಪ್ಪುಸಾರಿಗೆ ಏನು ಸೊಪ್ಪು ಹಾಕಿದ್ಲು?" ಅಂದಳು.

ಆಮೇಲೆ ಇನ್ನೊಂದು ಭಾನುವಾರ ಉಳಿದ ಜಾಡಿಗೂ ಪೈರು ನೆಟ್ಟು ಮುಗಿಸಿದರು. ಕೆಲಸ ಮುಗಿದ ಮೇಲೂ ಭೈರೇಶ ಗೌರಿ ಹಬ್ಬ ಕಳೆದ ವಾರ ಮತ್ತೆ ಹೋಗಿ ದಿನವಿಡೀ ಕಳೆ ಕಿತ್ತು ಬಂದ. ಯಾರೂ ಹೋಗು ಅಂದಿರಲಿಲ್ಲ. ಸ್ಟೇಷನ್ನಿನ ಮಾತು ಊರವರು ಬಿಟ್ಟರು. ಬದು ನಿಲ್ಲುತ್ತದೋ ಇಲ್ಲವೋ ಅನ್ನುವುದು ಮಾತ್ರ ಮಳೆಯ ಕೈಯಲ್ಲಿತ್ತು.

ಎರಡು ಸಾವಿರದ ಐದನೇ ಇಸವಿಯ ಅಕ್ಟೋಬರಿನಲ್ಲಿ ಮಳೆ ಹಿಡಿದದ್ದು ಬೆಂಗಳೂರಿನವರಿಗೆಲ್ಲ ನೆನಪಿರಬೇಕು. ಹಿಡಿದರೆ ಬಿಡಲೊಲ್ಲದು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಅನ್ನುತ್ತಿದ್ದ ಹನುಮಕ್ಕ ಈ ಸಲ ಬಾಯಿ ಬಿಡದೆ ಕಿಟಕಿಯ ಹತ್ತಿರ ಕೂತಳು. ಚನ್ನಕೇಶವ ಗಿರಾಕಿಗೆ ಕೊಡಬೇಕಾದ ವಾಷರ್ ಕೊಡದೆ ಮೋಡ ನೋಡುತ್ತಿದ್ದ. ಭೈರೇಶ ಊರಿನ ಅಂಗಡಿಗೆ ಎಷ್ಟು ಸಲ ಫೋನು ಮಾಡಿದರೂ ಲೈನು ಸತ್ತಿತ್ತು.

ಸೋಮವಾರ ಮಧ್ಯಾಹ್ನ ಹಿಂದಿನ ಬೀದಿಯ ಕಾಲುವೆ ಉಕ್ಕಿ ನೀರು ಇವರ ಮನೆಗೇ ನುಗ್ಗಿತು. ಅಂಗಡಿಯ ಕೆಳಗಿನ ಸಾಲಿನ ಡಬ್ಬಗಳು ತೇಲಿದವು. ಹನುಮಕ್ಕನನ್ನು ಗುರವ್ವನ ಮನೆಗೆ ಹತ್ತಿಸಿದರು. ಬೆಳಿಗ್ಗೆ ನೀರು ಇಳಿದಾಗ ನೆಲದ ತುಂಬ ನಾಲ್ಕು ಬೆರಳು ಕಪ್ಪು ಕೆಸರು. ಅಡುಗೆಮನೆ, ದೇವರ ಮನೆ ಒಂದನ್ನೂ ಬಿಟ್ಟಿರಲಿಲ್ಲ. ಲತಾ ಬಾಗಿಲಲ್ಲಿ ನಿಂತು, ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದೆ ಅಳುವಂತಾದಳು.

ಆಗ ಗೇಟು ತೆಗೆದ ಸದ್ದಾಯಿತು. ಪಾಪಮ್ಮ. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಮೊಣಕಾಲುದ್ದ ನೆನೆದ ಸೀರೆ.

ಭೈರೇಶ ಗೇಟಿನ ಕಡೆ ಓಡಿದ. ನಲವತ್ತು ವರ್ಷ ಈ ಮನೆ ಮೆಟ್ಟಿಲು ಹತ್ತದವಳು ಇಂಥ ಮಳೆಯಲ್ಲಿ ಬಂದಿದ್ದಾಳೆ ಅಂದರೆ ಎಲ್ಲ ಕೊಚ್ಚಿಹೋಯಿತು ಅಂತಲೇ ಅರ್ಥ.

"ಹೊಲ?" ಅಂದ.

"ಬದು ನಿಂತಿದೆ," ಅಂದಳು ಪಾಪಮ್ಮ. "ಊರಿನಲ್ಲಿ ಎಷ್ಟೋ ಬದು ಹೋದ್ವು. ನಮ್ಮದರಲ್ಲಿ ನೀರು ತುಂಬ್ಕೊಂಡು ನಿಂತು, ಕೋಡಿ ಮೇಲೆ ಹರಿದು ಹೋಯ್ತು. ಒಂದು ಕಲ್ಲು ಅಲ್ಲಾಡಿಲ್ಲ. ನೀವು ನೆಟ್ಟಿದ್ದೂ ತೆನೆ ಬಿಟ್ಟಿದೆ, ಸ್ವಲ್ಪ ತಡ, ಆದ್ರೂ ಬಿಟ್ಟಿದೆ."

ಭೈರೇಶ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಚನ್ನಕೇಶವ ಮಗನ ತಲೆಯ ಮೇಲೆ ಕೈ ಇಟ್ಟ. ಲತಾ ಈಗ ನಿಜವಾಗಿಯೂ ಅತ್ತಳು.

ಮಹಡಿಯ ಮೆಟ್ಟಿಲಲ್ಲಿ ಹನುಮಕ್ಕ ನಿಂತಿದ್ದಳು. "ಹಂಗಾದ್ರೆ ಈ ಮಳೇಲಿ ಯಾಕೆ ಬಂದೆ?"

ಪಾಪಮ್ಮ ಗೋಣಿಕೊಪ್ಪೆ ತೆಗೆದು ಕಟ್ಟೆಯ ಮೇಲಿಟ್ಟು ಸೀರೆ ಎತ್ತಿ ಸಿಕ್ಕಿಸಿದಳು. "ಮುಯ್ಯಿ ತೀರ್ಸೋಕೆ. ಹುಡುಗ ಕೆಡಿಸಿದ್ದನ್ನ ಕಟ್ಟಿಕೊಟ್ಟ, ಅದು ಅಲ್ಲಿಗೆ ಸರಿ. ಆಮೇಲೆ ಬಂದು ಒಂದು ದಿನ ಕಳೆ ಕಿತ್ತ. ಅದು ನಾನು ಕರೆದ ಕೆಲಸ ಅಲ್ಲ, ಅವನ ಸಾಲವೂ ಅಲ್ಲ. ಒಂದಾಳಿನ ಕೆಲಸ ನಾನು ನಿಮಗೆ ವಾಪಸ್ ಮಾಡಿಕೊಡಬೇಕಿತ್ತು. ಎಂದು ಕೊಡೋದು ಅಂತ ನೋಡ್ತಾ ಇದ್ದೆ. ಬೆಂಗಳೂರೆಲ್ಲ ನೀರು ಅಂತ ಬಸ್ಸಿನೋರು ಹೇಳಿದ್ರು. ಪೊರಕೆ ಎಲ್ಲಿದೆ ಲತಾ?"

"ನೆಂಟರ ಹತ್ರ ಎಂಥ ಮುಯ್ಯಿ," ಅಂದಳು ಹನುಮಕ್ಕ. ದನಿ ಗಟ್ಟಿಯಾಗಿರಲಿಲ್ಲ.

"ನೆಂಟರ ಹತ್ರಾನೇ ಅತ್ತಿಗೆ. ಕೂಲಿಯೋರ ಹತ್ರ ಯಾರಾದ್ರೂ ಮುಯ್ಯಿ ಇಟ್ಕೋತಾರಾ?"

ಕೆಸರು ಬಾಚುವುದರಲ್ಲಿ ಪಾಪಮ್ಮನ ಮುಂದೆ ಗಂಡಸರಿಬ್ಬರೂ ಸಾಲಲಿಲ್ಲ. ಅವಳು ಮಂಕರಿಗೆ ತುಂಬುವುದು, ಭೈರೇಶ ಹೊರಗೆ ಸುರಿಯುವುದು. ಗುರವ್ವ ಮೇಲಿನಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಂದು, "ಮೊದ್ಲು ಉಣ್ರೀ ಎಲ್ಲಾರೂ, ಕೆಸರು ಎಲ್ಲೂ ಓಡಿ ಹೋಗಂಗಿಲ್ಲ," ಅಂದಳು. ಹನುಮಕ್ಕ ಮೊದಲು ಮೆಟ್ಟಿಲ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು. ಆಮೇಲೆ ಕೆಳಗಿಳಿದು ಪಾತ್ರೆ ಒರೆಸತೊಡಗಿದಳು. ಅತ್ತಿಗೆ ನಾದಿನಿ ಅಕ್ಕಪಕ್ಕ ಕೂತ ಮೇಲೆ ಜಗಳವೂ ಶುರುವಾಯಿತು.

"ಅಣ್ಣ ಸತ್ತಮೇಲೆ ಒಂದು ಬಾಗಿನ ಕಳಿಸಿದ್ಯಾ ನೀನು?"

"ಕಳಿಸಿದ್ರೆ ನೀನು ವಾಪಸ್ ಕಳಿಸ್ತೀಯ ಅಂತ ಹೆದರಿಕೆ."

"ಕಳಿಸಿ ನೋಡಬೇಕಿತ್ತು!"

"ನೀನು ಒಂದು ಸೇರು ರಾಗಿ ಕಳಿಸಿದ್ಯಾ? ನಾನು ಗೇದ ಹೊಲ."

"ಕೇಳಬೇಕಿತ್ತು!"

"ಕೇಳೋಳಾ ನಾನು?" ಅಂದಳು ಹನುಮಕ್ಕ. ಇಬ್ಬರೂ ಮತ್ತೆ ಪಾತ್ರೆ ಎತ್ತಿಕೊಂಡರು. ಲತಾ ಗೋಡೆಯ ಕಡೆ ತಿರುಗಿ ನಗು ನುಂಗಿದಳು.

ಹೊತ್ತು ಇಳಿಯುವ ವೇಳೆಗೆ ನೆಲ ಕಂಡಿತು. ಪಾಪಮ್ಮ ಕೈಕಾಲು ತೊಳೆದು, ಕಡೇ ಬಸ್ಸು ತಪ್ಪುತ್ತದೆ ಅಂತ ಹೊರಟಳು. ಚಪ್ಪಲಿಗೆ ಕಾಲು ಹಾಕುವಾಗ ಹನುಮಕ್ಕ ಕರೆದಳು.

"ನಿಲ್ಲೇ. ಒಂದಾಳಿನ ಕೆಲಸ ಅಂತ ಬಂದು ಇಬ್ಬರ ಕೆಲಸ ಮಾಡಿದೀಯ. ಈಗ ಒಂದಾಳು ನಮ್ಮ ಮೇಲೆ ಬಿತ್ತು."

"ಅಷ್ಟೇ ತಾನೆ, ಕುಯ್ಲಿಗೆ ಹುಡುಗನ್ನ ಕಳಿಸು."

"ಹುಡುಗನಲ್ಲ," ಅಂದಳು ಹನುಮಕ್ಕ. "ನಿನ್ನ ಹೊಲದಲ್ಲಿ ಕುಯ್ಲು ಯಾವತ್ತು? ನಾನೇ ಬರ್ತೀನಿ."

ಪಾಪಮ್ಮ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡಿದ್ದವಳು ಹಾಗೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಕಾರ್ತೀಕ ಕಳೆದ ಮೇಲೆ," ಅಂದಳು. "ಬಗ್ಗೋಕೆ ಆಗುತ್ತೇನೇ ನಿನ್ನ ಕೈಲಿ, ಅತ್ತಿಗೆ?"

"ಆಗದಿದ್ರೆ ಕಣದಲ್ಲಿ ಕೂತು ಕಾಗೆ ಓಡಿಸ್ತೀನಿ. ನೀನು ದಿನ ಹೇಳು."